ಸುಲೈಬಿಯಾ ಬಸ್ಸಿನವರು ನೀರು ಕುಡಿಯುವುದಿಲ್ಲ

ಮೊದಲನೆಯವನು ಬಂದದ್ದು ಎರಡೂ ಕೈಯಲ್ಲಿ ಸೊಂಟ ಹಿಡಿದುಕೊಂಡು, ಹೆಜ್ಜೆ ಎಣಿಸುವವನ ಹಾಗೆ. ಬಿಹಾರದ ಸ್ಕಫೋಲ್ಡರ್. ಕಬ್ಬಿಣದ ಕೊಳವೆಗಳನ್ನು ಒಂದಕ್ಕೊಂದು ಬಿಗಿದು, ಉಳಿದವರು ಹತ್ತಿ ಕೆಲಸ ಮಾಡಲು ಅಟ್ಟಣಿಗೆ ಕಟ್ಟುವವನು. ವಯಸ್ಸು ಮೂವತ್ತರ ಆಸುಪಾಸು. ಕುರ್ಚಿಯಲ್ಲಿ ಕೂರಲಾರದೆ ಮೇಜಿಗೆ ಆತುಕೊಂಡು ನಿಂತ. ಮೂತ್ರ ಹಿಡಿದುಕೊಡು ಎಂದು ಡಬ್ಬಿ ಕೊಟ್ಟರೆ ಬಹಳ ಹೊತ್ತಾದ ಮೇಲೆ ತಂದದ್ದು ತಳ ಮುಚ್ಚುವಷ್ಟು ಮಾತ್ರ, ಅದೂ ಹಾಲು ಹಾಕದ ಚಹಾದ ಬಣ್ಣ.

ಜುಲೈ ತಿಂಗಳು. ಕುವೈತಿನ ಶುಐಬಾದಲ್ಲಿ ಒಂದು ಪೆಟ್ರೋಕೆಮಿಕಲ್ ಘಟಕವನ್ನು ದುರಸ್ತಿಗೆಂದು ನಿಲ್ಲಿಸಿದ್ದರು. ಘಟಕ ನಿಂತಷ್ಟೂ ದಿನ ನಷ್ಟ, ಆದ್ದರಿಂದ ಎಲ್ಲರಿಗೂ ಅವಸರ. ದುರಸ್ತಿಯ ಗುತ್ತಿಗೆ ಹಿಡಿದ ಕಂಪನಿಗೆ ನಾನು ವೈದ್ಯೆ. ಗೇಟಿನ ಒಳಗೆ ಎರಡು ಕೋಣೆಯ ಪೋರ್ಟಾ ಕ್ಯಾಬಿನ್ನಿನಲ್ಲಿ ನಮ್ಮ ಕ್ಲಿನಿಕ್. ನಾನು, ಮತ್ತು ಮಂಗಳೂರು ಕಡೆಯ ಒಬ್ಬ ನರ್ಸ್. ಗಾಯಕ್ಕೆ ಪಟ್ಟಿ, ಕಣ್ಣಿಗೆ ಬಿದ್ದ ಕಬ್ಬಿಣದ ಚೂರು, ಬಿಸಿಲಿಗೆ ತಲೆಸುತ್ತು, ಇವು ನಮ್ಮ ದಿನನಿತ್ಯ. ಮೈಸೂರಿನಲ್ಲಿ ಓದುವಾಗ ನಾನು ಆರಿಸಿಕೊಂಡದ್ದು ಸಮುದಾಯ ವೈದ್ಯಶಾಸ್ತ್ರ. ಒಬ್ಬನಿಗೆ ಏನಾಯಿತು ಎನ್ನುವುದಕ್ಕಿಂತ ಈ ಗುಂಪಿಗೇ ಯಾಕೆ ಆಯಿತು ಎಂದು ಕೇಳುವ ಚಾಳಿ ಅಲ್ಲಿಂದಲೇ ಹತ್ತಿದ್ದು. ಕುವೈತಿಗೆ ಬಂದ ಮೇಲೆ ಆ ಚಾಳಿಗೆ ಹೆಚ್ಚು ಕೆಲಸ ಸಿಕ್ಕಿರಲಿಲ್ಲ.

ಅವನ ರಕ್ತ ಪರೀಕ್ಷೆಯಲ್ಲಿ ಕ್ರಿಯಾಟಿನಿನ್ ಏರಿತ್ತು. ಮೂತ್ರಪಿಂಡ ಸರಿಯಾಗಿ ಸೋಸದಿದ್ದಾಗ ರಕ್ತದಲ್ಲಿ ಉಳಿದುಬಿಡುವ ಅಂಶ ಅದು. ಆಸ್ಪತ್ರೆಗೆ ಕಳಿಸಿದೆ, ಡ್ರಿಪ್ ಹಾಕಿದರು, ಚೇತರಿಸಿಕೊಂಡ. ಅಷ್ಟರಲ್ಲಿ ಇನ್ನೊಬ್ಬ ಬಂದ, ಆಮೇಲೆ ಮತ್ತೊಬ್ಬ. ಮೊದಲನೆಯವನಷ್ಟು ಜೋರಲ್ಲ, ಆದರೆ ಅದೇ ನೋವು, ಅದೇ ಬಣ್ಣ. ಎಲ್ಲರೂ ಸ್ಕಫೋಲ್ಡರ್‌ಗಳು. ಅದೇ ಬಿಸಿಲಲ್ಲಿ ನಿಂತು ಬೆಂಕಿಯೊಂದಿಗೆ ಕೆಲಸ ಮಾಡುವ ವೆಲ್ಡರ್‌ಗಳಲ್ಲಿ ಒಬ್ಬನೂ ಇಲ್ಲ.

"ಮೇಡಂ, ಅವರದ್ದು ಕೆಲಸವೇ ಹಾಗೆ," ಎಂದರು ನರ್ಸ್. "ಕಬ್ಬಿಣ ಹೊತ್ಕೊಂಡು ಮೇಲೆ ಕೆಳಗೆ ಮಾಡುದಲ್ವಾ. ಬೆವರು ಹೋಗ್ತದೆ."

ಒಪ್ಪುವಂಥ ಮಾತು. ಆದರೆ ಪೈಪ್ ಹೊರುವವರೂ ಅಷ್ಟೇ ಬೆವರುತ್ತಿದ್ದರು, ಅವರಿಗೇನೂ ಆಗಿರಲಿಲ್ಲ. ಹಾಗಾಗಿ ಒಂದೊಂದಾಗಿ ನೋಡುತ್ತ ಹೋದೆ. ಮೊದಲು ನೀರು. ಸ್ಕಫೋಲ್ಡರ್‌ಗಳ ಕೂಲರಿನಿಂದ, ವೆಲ್ಡರ್‌ಗಳ ಕೂಲರಿನಿಂದ ಬಾಟಲಿ ತುಂಬಿಸಿ ಪ್ರಯೋಗಾಲಯಕ್ಕೆ ಕಳಿಸಿದೆ. ಎರಡೂ ಒಂದೇ ಟ್ಯಾಂಕರಿನ ನೀರು, ಎರಡೂ ಶುದ್ಧ. ಆಮೇಲೆ ನೋವಿನ ಗುಳಿಗೆ. ಭುಜ ನೋಯುತ್ತದೆಂದು ಅಂಗಡಿಯಲ್ಲಿ ಸಿಗುವ ಗುಳಿಗೆ ನುಂಗುವ ಅಭ್ಯಾಸ ಇವರಲ್ಲಿ ಕೆಲವರಿಗಿತ್ತು. ನೀರಿಲ್ಲದ ಮೈಗೆ ಆ ಗುಳಿಗೆ ವಿಷ. ಇದೇ ಇರಬೇಕು ಎಂದು ಖುಷಿಪಟ್ಟೆ. ಆದರೆ ಮೂರನೆಯವನು ಗುಳಿಗೆ ಮುಟ್ಟಿದವನೇ ಅಲ್ಲ. ಗುಳಿಗೆ ಬಿಡಿಸಿದ್ದು ಒಳ್ಳೆಯದೇ ಆಯಿತು, ಉತ್ತರ ಮಾತ್ರ ಸಿಗಲಿಲ್ಲ.

ಇನ್ನು ಉಳಿದದ್ದು ಉಪದೇಶ. ಹಿಂದಿ, ಬಂಗಾಳಿ, ತೆಲುಗಿನಲ್ಲಿ ಪೋಸ್ಟರ್ ಅಂಟಿಸಿದೆವು: ಮನೆ ಬಿಡುವ ಮುನ್ನ ಎರಡು ಲೋಟ, ದಾರಿಯಲ್ಲಿ ಒಂದು ಬಾಟಲಿ, ಕೆಲಸದಲ್ಲಿ ಬಾಯಾರುವ ಮೊದಲೇ ಗುಟುಕು ಗುಟುಕು. ಓಆರ್‌ಎಸ್ ಪೊಟ್ಟಣ ಹಂಚಿದೆವು. ಎಲ್ಲರೂ ತಲೆಯಾಡಿಸಿದರು. ವಾರ ಕಳೆದು ಮೂತ್ರ ಪರೀಕ್ಷಿಸಿದರೆ ಏನೂ ಬದಲಾಗಿರಲಿಲ್ಲ.

ನನ್ನ ಬಳಿ ಪೆನ್ ಟಾರ್ಚಿನಷ್ಟು ಉದ್ದದ ಒಂದು ಉಪಕರಣವಿತ್ತು. ಅದರ ಗಾಜಿನ ಮೇಲೆ ಒಂದು ಹನಿ ಮೂತ್ರ ಬಿಟ್ಟು ಬೆಳಕಿಗೆ ಹಿಡಿದು ಇಣುಕಿದರೆ, ನೀಲಿ ಬಿಳಿ ಕೂಡುವ ಗೆರೆ ಎಲ್ಲಿ ನಿಂತಿದೆ ಎಂದು ಕಾಣುತ್ತದೆ. ಗೆರೆ ಮೇಲಿದ್ದಷ್ಟೂ ಮೂತ್ರ ಗಟ್ಟಿ, ಮೈಯಲ್ಲಿ ನೀರು ಕಡಿಮೆ. ಅದುವರೆಗೆ ಕೆಲಸ ಮುಗಿದ ಮೇಲೆ ಮಾತ್ರ ನೋಡುತ್ತಿದ್ದೆ. ಬೆಳಿಗ್ಗೆ ಎಷ್ಟಿದ್ದದ್ದು ಎಷ್ಟಾಯಿತು ಎಂದು ತಿಳಿದರೆ ಬೆವರಿನ ಲೆಕ್ಕ ಸಿಗುತ್ತದಲ್ಲ ಎಂದು, ಒಂದು ಬೆಳಿಗ್ಗೆ ಬಸ್ಸಿನಿಂದ ಇಳಿಯುತ್ತಿದ್ದಂತೆಯೇ ಸ್ಕಫೋಲ್ಡರ್‌ಗಳನ್ನು ಕ್ಲಿನಿಕ್ಕಿಗೆ ಕರೆದೆವು. ಗಾಜಿಗೆ ಕಣ್ಣಿಟ್ಟೆ. ಮೊದಲನೆಯದರಲ್ಲೇ ಗೆರೆ ಮೇಲೆ ಹತ್ತಿ ಕೂತಿತ್ತು. ಉಪಕರಣ ಕೆಟ್ಟಿದೆಯೇನೋ ಎಂದು ಶುದ್ಧ ನೀರು ಬಿಟ್ಟು ನೋಡಿದೆ. ಸರಿಯಾಗಿಯೇ ಇತ್ತು. ಎರಡನೆಯವನದು, ಮೂರನೆಯವನದು, ಎಲ್ಲರದೂ ಹಾಗೆಯೇ.

ಇವರು ಒಂದು ಕೊಳವೆಯನ್ನೂ ಎತ್ತುವ ಮೊದಲೇ ಒಣಗಿ ಬಂದಿದ್ದರು. ಅಂದರೆ ನಾನು ಹುಡುಕುತ್ತಿದ್ದುದು ಈ ಗೇಟಿನ ಒಳಗೆ ಇರಲೇ ಇಲ್ಲ.

ವೆಲ್ಡರ್‌ಗಳನ್ನೂ ಮರುದಿನ ಕರೆದೆ. ಅವರದು ತಿಳಿಯಾಗಿತ್ತು. ಎರಡು ಗುಂಪಿನ ನಡುವೆ ಕೆಲಸ ಬಿಟ್ಟು ಬೇರೇನು ವ್ಯತ್ಯಾಸ ಎಂದು ನರ್ಸನ್ನು ಕೇಳಿದಾಗ ಅವರು, "ಕ್ಯಾಂಪ್ ಬೇರೆ," ಎಂದರು. "ವೆಲ್ಡರ್ಸ್ ಇಲ್ಲೇ ಹತ್ರ ಇರುದು. ಸ್ಕಫೋಲ್ಡರ್ಸ್ ಸುಲೈಬಿಯಾದಿಂದ ಬರುದು, ಅಷ್ಟು ದೂರದಿಂದ."

ಹಾಗಾದರೆ ಕ್ಯಾಂಪಿನ ನೀರೇ? ಹೋಗಿ ನೋಡಿದೆವು. ಫಿಲ್ಟರ್ ಇತ್ತು, ಫ್ರಿಜ್ ಇತ್ತು, ನೀರು ಬೇಕಾದಷ್ಟಿತ್ತು. ಮತ್ತೆ ಗೋಡೆಗೆ ಬಂದು ನಿಂತ ಹಾಗಾಯಿತು.

ಉತ್ತರ ಸಿಕ್ಕಿದ್ದು ನನ್ನದೇ ಬಾಯಿಂದ. ಘಟಕದ ಒಳಗೆ ಬಿಸಿಲಿನ ಅಳತೆ ತೆಗೆಯಲು ನಾನೂ ನರ್ಸೂ ಹೋಗಿದ್ದೆವು. ಕಬ್ಬಿಣದ ಮೂರುಕಾಲಿನ ಮೇಲೆ ಥರ್ಮಾಮೀಟರ್ ಇರುವ ಕಪ್ಪು ಗುಂಡು ಇಟ್ಟು, ಅದು ಕಾಯುವವರೆಗೆ ಕಾಯುತ್ತ ನಿಲ್ಲುವ ಕೆಲಸ. ನರ್ಸ್ ತಣ್ಣನೆಯ ಬಾಟಲಿ ನನ್ನತ್ತ ಚಾಚಿದರು.

"ಬೇಡ," ಎಂದೆ.

"ಎಂತ ಮೇಡಂ, ಬೆಳಿಗ್ಗೆಯಿಂದ ಒಂದು ಗುಟುಕೂ ಕುಡೀಲಿಲ್ಲ ನೀವು. ಎಲ್ಲರಿಗೆ ಕುಡೀರಿ ಕುಡೀರಿ ಅಂತ ಹೇಳಿ, ನೀವೇ ಹೀಗೆ ಮಾಡಿದ್ರೆ?"

ಆಮೇಲೆ ಕುಡಿಯುತ್ತೇನೆ ಎಂದು ಹೇಳಲು ಬಾಯಿ ತೆರೆದವಳು ಹಾಗೆಯೇ ನಿಂತೆ. ಯಾಕೆ ಕುಡಿಯಲಿಲ್ಲ? ಘಟಕದ ಒಳಗೆ ಹೆಂಗಸರಿಗೆ ಶೌಚಾಲಯವಿರಲಿಲ್ಲ. ಇದ್ದದ್ದು ಆಡಳಿತ ಕಟ್ಟಡದಲ್ಲಿ, ಬಿಸಿಲಲ್ಲಿ ನಡೆದು, ಪಾಸ್ ತೋರಿಸಿ ಹೊರಗೆ ಹೋಗಬೇಕು. ಹಾಗಾಗಿ ಒಳಗೆ ಹೋಗುವ ದಿನ ಬೆಳಗಿನ ಕಾಫಿಯನ್ನೂ ಅರ್ಧ ಲೋಟಕ್ಕೆ ಇಳಿಸುತ್ತಿದ್ದೆ. ಹಾಗೆ ಮಾಡಬೇಕೆಂದು ಯಾವತ್ತೂ ಯೋಚಿಸಿ ನಿರ್ಧರಿಸಿದ್ದಲ್ಲ. ಮೈಯೇ ಕಲಿತುಕೊಂಡದ್ದು. ನಾನು ಅಷ್ಟು ದಿನ ಆ ಗಂಡಸರನ್ನು "ಎಷ್ಟು ನೀರು ಕುಡಿಯುತ್ತೀರಿ?" ಎಂದು ಕೇಳುತ್ತಲೇ ಇದ್ದೆ. ಕುಡಿದದ್ದು ಎಲ್ಲಿಗೆ ಹೋಗುತ್ತದೆ ಎಂದು ಕೇಳಿರಲಿಲ್ಲ.

ಆ ಮೊದಲ ರೋಗಿಯನ್ನು ಆಗ ಕ್ಲಿನಿಕ್ಕಿನ ಪಕ್ಕದ ಉಗ್ರಾಣದಲ್ಲಿ ಹಗುರ ಕೆಲಸಕ್ಕೆ ಇರಿಸಿದ್ದರು. ಅವನ ವಿಷಯದಲ್ಲಿ ನನ್ನ ಮೇಲೊಂದು ಒತ್ತಡವೂ ಇತ್ತು. ಸಿಬ್ಬಂದಿ ವಿಭಾಗದವರು, "ಅನ್‌ಫಿಟ್ ಅಂತ ಬರೆದುಕೊಡಿ ಡಾಕ್ಟರ್, ವೀಸಾ ಕ್ಯಾನ್ಸಲ್ ಮಾಡಿ ಕಳಿಸಿಬಿಡ್ತೇವೆ," ಎಂದು ಎರಡು ಬಾರಿ ಫೋನ್ ಮಾಡಿದ್ದರು. ಬರೆದರೆ ಅವನ ಇಕಾಮಾ, ಅಂದರೆ ಇಲ್ಲಿ ಇರಲು ಕೊಟ್ಟ ಪರವಾನಗಿ, ಮುಗಿದ ಹಾಗೆಯೇ. ಬರೆಯದೆ ಮತ್ತೆ ಮೇಲೆ ಹತ್ತಿಸಿ, ಅವನ ಕಿಡ್ನಿ ಪೂರ್ತಿ ಹೋದರೆ? ಕಾರಣ ತಿಳಿಯದೆ ಎರಡರಲ್ಲಿ ಯಾವುದನ್ನೂ ಬರೆಯಲು ಕೈ ಬರುತ್ತಿರಲಿಲ್ಲ.

ಅವನನ್ನು ಕರೆದು ಕೂರಿಸಿ, ನನಗೆ ಬರುವ ಹಿಂದಿಯಲ್ಲಿ ಮೊದಲು ನನ್ನ ಕಥೆಯನ್ನೇ ಹೇಳಿದೆ. ಒಳಗೆ ಹೋಗುವ ದಿನ ನೀರು ಕುಡಿಯುವುದಿಲ್ಲ, ಬಾತ್‌ರೂಮ್ ದೂರ ಎಂದು. ಅವನು ತಲೆ ತಗ್ಗಿಸಿ ನಕ್ಕ. ಹೆಂಗಸಿನ ಮುಂದೆ ಇಂಥ ಮಾತೇ ಎಂಬ ನಾಚಿಕೆ.

"ಬಸ್, ಮೇಡಂಜೀ," ಎಂದ ಕೊನೆಗೆ. "ಬಸ್ ಎಲ್ಲೂ ನಿಲ್ಲಲ್ಲ. ನಮ್ಮಲ್ಲಿ ಒಬ್ಬ, ದಾರಿಯಲ್ಲಿ ತಡೆಯೋಕಾಗದೆ ಸೀಟಲ್ಲೇ... ಎಲ್ಲಾ ನಕ್ಕರು. ನಾನೂ ನಕ್ಕೆ. ಅದಕ್ಕೊಂದು ಅಡ್ಡಹೆಸರಿಟ್ಟು, ತಿಂಗಳಾದರೂ ಅವನನ್ನ ಆ ಹೆಸರಲ್ಲೇ ಕರೀತಿದ್ದರು. ಅವನು ಊರಿಗೆ ಹೋದವನು ತಿರುಗಿ ಬರಲಿಲ್ಲ. ಅವತ್ತಿಂದ ರಾತ್ರಿ ಊಟದ ಮೇಲೆ ಯಾರೂ ಕುಡಿಯಲ್ಲ."

"ಮತ್ತೆ ಇಲ್ಲಿ, ಕೆಲಸದಲ್ಲಿ?"

"ಇಲ್ಲಿ ಮೇಲಿಂದ ಇಳಿದು, ಸೇಫ್ಟಿ ಬೆಲ್ಟ್ ಬಿಚ್ಚಿ, ಅಷ್ಟು ದೂರ ಹೋಗಿ ಬರೋದಕ್ಕೆ ಫೋರ್‌ಮನ್ ವಾಚ್ ನೋಡ್ತಾನೆ. ಕುಡೀದಿದ್ದರೆ ಇಳಿಯೋ ಕೆಲಸವೇ ಇಲ್ಲ."

ಅವನ ಮಾತಿನಲ್ಲಿ ದೂರು ಇರಲಿಲ್ಲ. ತಾವು ಕಂಡುಕೊಂಡ ಒಂದು ಉಪಾಯವನ್ನು ಹೇಳುವವನ ಹಾಗೆ ಹೇಳಿದ.

ನಮ್ಮ ಬಸ್ಸುಗಳ ಉಸ್ತುವಾರಿ ಕಾರ್ಕಳ ಕಡೆಯ ಒಬ್ಬರದು. ಅವರ ಬಳಿ ಹೋಗಿ, ಸುಲೈಬಿಯಾ ಬಸ್ಸಿನಲ್ಲಿ ಒಂದು ದಿನ ನಾನೂ ಬರುತ್ತೇನೆ ಎಂದೆ.

"ಅಯ್ಯೋ ಮೇಡಂ, ಲೇಡೀಸ್ ಹೋಗುವ ಬಸ್ಸಲ್ಲ ಮಾರಾಯ್ರೆ ಅದು. ಎಂತ ಬೇಕು ಹೇಳಿ, ನಾನು ಡ್ರೈವರ್ ಹತ್ರ ಕೇಳಿ ಹೇಳ್ತೇನೆ."

"ಕೇಳಿ ತಿಳಿಯೋದಾಗಿದ್ರೆ ಇಷ್ಟು ದಿನ ಬೇಕಾಗ್ತಿರಲಿಲ್ಲ," ಎಂದೆ.

ನರ್ಸ್ ಅವರೊಂದಿಗೆ ತುಳುವಿನಲ್ಲಿ ಏನೋ ಹೇಳಿದರು. ನನಗೆ ಅರ್ಥವಾಗಲಿಲ್ಲ, ಆದರೆ ಇಬ್ಬರೂ ನಕ್ಕದ್ದು ಕಂಡಿತು. "ಆಯ್ತು, ಎದುರಿನ ಸೀಟು ಇಡಿಸ್ತೇನೆ," ಎಂದರು ಉಸ್ತುವಾರಿಯವರು.

ಬ್ನೇದ್ ಅಲ್ ಗಾರ್‌ನ ನಮ್ಮ ಮನೆಯಿಂದ ಗಂಡ ನನ್ನನ್ನು ಸುಲೈಬಿಯಾಕ್ಕೆ ಬಿಟ್ಟಾಗ ಆಗಷ್ಟೇ ಬೆಳಕು ಹರಿಯುತ್ತಿತ್ತು. ಬೇಸಿಗೆಯಲ್ಲಿ ಮಧ್ಯಾಹ್ನ ಬಯಲಲ್ಲಿ ಕೆಲಸ ಮಾಡಿಸುವಂತಿಲ್ಲವಾದ್ದರಿಂದ ದಿನ ಅಷ್ಟು ಬೇಗ ಶುರುವಾಗುತ್ತದೆ. ಗೋದಾಮುಗಳ ಮುಂದೆ ತರಕಾರಿ ಲಾರಿಗಳು ಸಾಲುಗಟ್ಟಿದ್ದವು. ನನ್ನದೇ ಪೋಸ್ಟರ್ ಹೇಳಿದ ಹಾಗೆ ಮನೆಯಲ್ಲಿ ಎರಡು ಲೋಟ ಕುಡಿದಿದ್ದೆ, ಕೈಯಲ್ಲೊಂದು ಬಾಟಲಿ ಹಿಡಿದಿದ್ದೆ. ಬಸ್ಸಿನೊಳಗೆ ತಲೆಗೆಣ್ಣೆ, ನೋವಿನ ಮುಲಾಮು, ನಿನ್ನೆಯ ಬೆವರು ಬೆರೆತ ವಾಸನೆ. ನಾನು ಹತ್ತಿದ ಕೂಡಲೇ ಮಾತು ನಿಂತಿತು. ಒಬ್ಬರ ಕೈಯಲ್ಲೂ ನೀರಿನ ಬಾಟಲಿ ಇರಲಿಲ್ಲ.

ಆರನೇ ರಿಂಗ್ ರೋಡ್ ಹತ್ತುವವರೆಗೆ ಆರಾಮವಾಗಿದ್ದೆ. ಬಾಟಲಿ ಮುಗಿಯಿತು. ಮುಂದೆ ಎಲ್ಲೋ ಅಪಘಾತವಾಗಿ ವಾಹನಗಳು ನಿಂತಿದ್ದವು. ಅಲ್ಲಿಂದ ನನ್ನ ಯೋಚನೆ ಒಂದೇ ಕಡೆ ಕುಗ್ಗತೊಡಗಿತು. ಕಿಟಕಿಯಾಚೆ ನೋಡಿದೆ, ಕಾಲ ಮೇಲೆ ಕಾಲು ಹಾಕಿದೆ, ಮಗಳ ಶಾಲೆಯ ಬಗ್ಗೆ ಯೋಚಿಸಲು ನೋಡಿದೆ. ರಸ್ತೆಯ ಒಂದೊಂದು ಉಬ್ಬೂ ಹೊಟ್ಟೆಗೆ ತಾಕುತ್ತಿತ್ತು. ಹಣೆಯಲ್ಲಿ ತಣ್ಣನೆ ಬೆವರು. ಇನ್ನೂ ಗೇಟಿನಲ್ಲಿ ಒಬ್ಬೊಬ್ಬರೇ ಇಳಿದು ಪಾಸ್ ತೋರಿಸಿ ಒಳಗೆ ಹೋಗುವ ಸಾಲು ಬಾಕಿ ಇದೆ ಎಂದು ನೆನಪಾದಾಗ, ಊರಿಗೆ ಹೋಗಿ ತಿರುಗಿ ಬಾರದ ಆ ಮನುಷ್ಯ ನನಗೆ ಚೆನ್ನಾಗಿ ಅರ್ಥವಾದ.

ರಸ್ತೆ ಪಕ್ಕ ಒಂದು ಮಸೀದಿಯ ಮಿನಾರು ಕಂಡಿತು.

"ಭಾಯಿ, ಗಾಡಿ ನಿಲ್ಲಿಸಿ," ಎಂದೆ.

ಪೇಶಾವರದ ಡ್ರೈವರ್ ಕನ್ನಡಿಯಲ್ಲೇ ನನ್ನನ್ನು ನೋಡಿದ. "ಮೇಡಂ, ಆರ್ಡರ್ ಇಲ್ಲ. ಲೇಟಾದರೆ ನನ್ನನ್ನ ಕೇಳ್ತಾರೆ."

"ಡಾಕ್ಟರ್ ನಿಲ್ಲಿಸಿದರು ಅಂತ ಹೇಳಿ. ನಿಲ್ಲಿಸಿ."

ನಿಂತಿತು. ಹಿಂದೆ ತಿರುಗಿ, "ಹೋಗುವವರೆಲ್ಲ ಹೋಗಿ ಬನ್ನಿ," ಎಂದೆ. ಮೊದಲು ಹಿಂದಿನ ಸೀಟಿನ ಒಬ್ಬ ಎದ್ದ. ಅವನ ಹಿಂದೆ ಇಡೀ ಬಸ್ಸೇ ಎದ್ದಿತು.

ಹೆಂಗಸರ ಕಡೆಯ ಬಾಗಿಲಿಗೆ ಬೀಗ. ನಾನು ಅಲ್ಲೇ ನಿಂತು ಅಳುವುದೊಂದು ಬಾಕಿ. ಅಂಗಳ ಗುಡಿಸುತ್ತಿದ್ದ ಬಾಂಗ್ಲಾದೇಶದ ಕಾವಲುಗಾರ ನನ್ನ ಮುಖ ನೋಡಿ ಏನೂ ಕೇಳದೆ ಪೊರಕೆ ಎಸೆದು ಕೀಲಿಗೆ ಓಡಿದ. ಆ ಓಟಕ್ಕೆ ನಾನು ಇವತ್ತಿಗೂ ಋಣಿ.

ಬಸ್ಸು ತಡವಾಗಿ ಗೇಟು ಮುಟ್ಟಿತು. ಅಟ್ಟಣಿಗೆ ಸಿದ್ಧವಾಗದೆ ಅದರ ಮೇಲೆ ಹತ್ತಬೇಕಿದ್ದವರೆಲ್ಲ ಕಾದು ನಿಂತಿದ್ದರು. ಪ್ರಾಜೆಕ್ಟ್ ಮ್ಯಾನೇಜರ್ ಕರೆಸಿದರು. ಈಜಿಪ್ಟಿನವರು, ಮಾತು ಜೋರು, ಮನಸ್ಸು ಕೆಟ್ಟದ್ದಲ್ಲ.

"ಡಾಕ್ಟರ್, ನಿಮ್ಮ ಕೆಲಸ ಕ್ಲಿನಿಕ್. ಬಸ್ ನನ್ನದು. ಮಧ್ಯಾಹ್ನದೊಳಗೆ ಕೆಲಸ ಮುಗಿಸಬೇಕು ನಾನು, ಆಮೇಲೆ ಬಿಸಿಲು, ಖಲಾಸ್. ನೀವು ಇವತ್ತು ನನ್ನ ಬೆಳಗ್ಗೆಯನ್ನೇ ತಿಂದಿರಿ."

"ಆಸ್ಪತ್ರೆಗೆ ಹೋದವರೂ ನಿಮ್ಮ ಜನರೇ," ಎಂದೆ. ಬೆಳಗಿನ ಮೂತ್ರದ ಫಲಿತಾಂಶಗಳನ್ನು, ವೆಲ್ಡರ್‌ಗಳದನ್ನು ಪಕ್ಕದಲ್ಲಿಟ್ಟು, ವಿವರಿಸಿದೆ. ಅವರು ಎಂಜಿನಿಯರ್. ಎರಡರ ವ್ಯತ್ಯಾಸ ಕಂಡಾಗ ದನಿ ತಗ್ಗಿತು.

"ಬಸ್ಸೇ ಕಾರಣ ಅಂತ ಹೇಗೆ ಹೇಳ್ತೀರಿ? ಸುಲೈಬಿಯಾದಿಂದ ಎರಡು ಬಸ್ ಬರುತ್ತವೆ. ಒಂದನ್ನು ದಾರಿಯಲ್ಲಿ ನಿಲ್ಲಿಸಿ, ಇನ್ನೊಂದನ್ನು ನಿಲ್ಲಿಸಬೇಡಿ. ಎರಡು ವಾರ ನೋಡಿ. ವಿಜ್ಞಾನ ಅಂದರೆ ಅದೇ ಅಲ್ಲವೇ?"

ಸುಳ್ಳು ಹೇಳಲಾರೆ, ಮನಸ್ಸು ಆಸೆಪಟ್ಟಿತು. ಎಂಥ ಸ್ವಚ್ಛವಾದ ಉತ್ತರ ಸಿಗುತ್ತಿತ್ತು! ಓದುವ ಕಾಲದಲ್ಲಾಗಿದ್ದರೆ ಕೂಡಲೇ ಒಪ್ಪಿಬಿಡುತ್ತಿದ್ದೆನೇನೋ. ಆದರೆ ಆ ಬೆಳಿಗ್ಗೆಯ ಬಸ್ಸು ನನ್ನ ಮೈಯಲ್ಲಿನ್ನೂ ಇತ್ತು. ಒಂದು ಬಸ್ಸಿನ ಗಂಡಸರನ್ನೆಲ್ಲ ನನ್ನ ಉತ್ತರ ಚೆಂದ ಬರಲಿ ಎಂದು ತಡೆದುಕೊಂಡು ಕೂರುವಂತೆ ಮಾಡುವುದು ನನ್ನಿಂದಾಗದು.

"ಎರಡೂ ನಿಲ್ಲಲಿ," ಎಂದೆ. "ಮೊದಲಿನದನ್ನೂ ಆಮೇಲಿನದನ್ನೂ ಹೋಲಿಸಿ ತೋರಿಸ್ತೀನಿ. ಬದಲಾಗದಿದ್ದರೆ ನಾನೇ ಬಂದು ತಪ್ಪಾಯ್ತು ಅಂತೀನಿ."

ಅವರು ಎರಡು ವಾರ ಕೊಟ್ಟರು. ದಾರಿಯಲ್ಲಿ ನಿಲ್ಲುವಷ್ಟು ಹೊತ್ತು ಮೊದಲೇ ಬಸ್ಸು ಹೊರಡಬೇಕು, ಅಷ್ಟೇ ಷರತ್ತು. ಕಾರ್ಕಳದವರು ದಾರಿಯ ಒಂದು ಪೆಟ್ರೋಲ್ ಬಂಕಿನೊಂದಿಗೆ ಮಾತಾಡಿ ನಿಲ್ಲುವ ಜಾಗ ಗೊತ್ತುಮಾಡಿದರು. ನಾನು ಗೆದ್ದೆನೆಂದುಕೊಂಡೆ.

ಮೊದಲ ವಾರ ಗೆರೆ ಕದಲಲಿಲ್ಲ. ಬಸ್ಸು ನಿಲ್ಲುತ್ತಿತ್ತು, ಕೆಲವರು ಇಳಿಯುತ್ತಿದ್ದರು, ಆದರೆ ಮೂತ್ರ ಮಾತ್ರ ಅದೇ ಗಟ್ಟಿ. ನನ್ನ ಊಹೆಯೇ ತಪ್ಪೇ? ಉಗ್ರಾಣಕ್ಕೆ ಹೋಗಿ ಆ ರೋಗಿಯನ್ನೇ ಕೇಳಿದೆ.

"ಇವತ್ತು ನಿಂತಿತು, ಸರಿ," ಎಂದ. "ನಾಳೆ ನಿಲ್ಲುತ್ತೆ ಅಂತ ಯಾರು ಹೇಳಿದ್ದು? ಮೊನ್ನೆ ಬದಲಿ ಡ್ರೈವರ್ ಬಂದ, ನಿಲ್ಲಿಸಲಿಲ್ಲ. ನೀರು ಕುಡಿಯೋದು ಹಿಂದಿನ ರಾತ್ರಿ, ಮೇಡಂಜೀ."

ನಿಜ. ಅವರು ಕುಡಿಯುವ ಹೊತ್ತಿಗೂ ಬಸ್ಸು ನಿಲ್ಲುವ ಹೊತ್ತಿಗೂ ನಡುವೆ ಒಂದು ಇಡೀ ರಾತ್ರಿಯಿತ್ತು. ನಾನು ಬಸ್ಸು ನಿಲ್ಲಿಸಿದ್ದೆ, ಅದರ ಮೇಲೆ ನಂಬಿಕೆ ಹುಟ್ಟಿಸಿರಲಿಲ್ಲ.

ಇದನ್ನು ಕಾರ್ಕಳದವರಿಗೆ ಹೇಳಿದಾಗ ಅವರು ತಲೆ ಕೆರೆದುಕೊಂಡರು. "ಅಂದ್ರೆ ಡ್ರೈವರ್‌ಗೆ ಹೇಳಿದ್ರೆ ಸಾಲುದಿಲ್ಲ. ಒಂದು ಕೆಲಸ ಮಾಡುವ. ನಾನೇ ಹೋಗ್ತೇನೆ ದಿನಾ. ಎದುರು ಕೂತ್ಕೊಳ್ತೇನೆ. ನನ್ನನ್ನು ಕಂಡ್ರೆ ಬಸ್ ನಿಲ್ತದೆ ಅಂತ ಗೊತ್ತಾಗ್ಲಿ ಅವರಿಗೆ."

ಹಾಗೆಯೇ ಮಾಡಿದರು. ಎರಡೂ ಬಸ್ಸು ಒಂದರ ಹಿಂದೊಂದು, ಮುಂದಿನದರಲ್ಲಿ ಅವರು. ಜನ ಇಳಿಯಲಿ ಬಿಡಲಿ, ತಾವು ಮೊದಲು ಇಳಿದು, ಬಂಕಿನ ಬಾತ್‌ರೂಮಿಗೆ ಹೋಗಿ, ಎಲ್ಲರಿಗೂ ಕಾಣುವಂತೆ ಕೈ ಒರೆಸಿಕೊಳ್ಳುತ್ತ ಬರುತ್ತಿದ್ದರಂತೆ. ಎರಡನೇ ವಾರದ ನಡುವೆ ಒಂದು ಬೆಳಿಗ್ಗೆ ಗಾಜಿಗೆ ಕಣ್ಣಿಟ್ಟಾಗ ಗೆರೆ ಸ್ವಲ್ಪ ಕೆಳಗಿತ್ತು. ಒಬ್ಬನದು ಮಾತ್ರ. ಮರುದಿನ ನಾಲ್ಕೈದು ಜನರದು. ನರ್ಸ್ ನನ್ನ ಕೈಯಿಂದ ಉಪಕರಣ ಕಸಿದುಕೊಂಡು ತಾವೂ ಇಣುಕಿದರು. "ಓ, ಇಳಿದಿದೆ ಮೇಡಂ, ಇಳಿದಿದೆ!" ಮೂತ್ರದ ಹನಿಯನ್ನು ನೋಡಿ ಅಷ್ಟು ಸಂಭ್ರಮಪಟ್ಟ ಇಬ್ಬರು ಆ ಹೊತ್ತಿನಲ್ಲಿ ಕುವೈತಿನಲ್ಲಿ ಬೇರೆಲ್ಲೂ ಇರಲಾರರು.

ಮ್ಯಾನೇಜರಿಗೆ ತೋರಿಸಿದೆ. ಅವರು ಬಹಳ ಹೊತ್ತು ನೋಡಿ, "ಯಲ್ಲಾ, ನಿಲ್ಲಲಿ," ಎಂದಷ್ಟೇ ಹೇಳಿದರು. ಅದೇ ಬಿಸಿಯಲ್ಲಿ, ಕೆಲಸದ ನಡುವೆ ಇಳಿದು ಹೋಗುವವರನ್ನು ತಡೆಯಬೇಡಿ ಎಂದು ಫೋರ್‌ಮನ್‌ಗಳಿಗೂ ಹೇಳಿ ಎಂದೆ. ಗೊಣಗಿದರು, ಹೇಳಿದರು. ಬಸ್ಸಿನ ಪಾಲೆಷ್ಟು, ಗುಳಿಗೆ ಬಿಟ್ಟದ್ದರ ಪಾಲೆಷ್ಟು, ಆಗಸ್ಟಿನ ಕೊನೆಗೆ ಬಿಸಿಲೇ ತುಸು ತಗ್ಗಿದ್ದರ ಪಾಲೆಷ್ಟು, ನನಗೆ ಇವತ್ತಿಗೂ ತಿಳಿಯದು. ಆ ಸ್ವಚ್ಛ ಉತ್ತರವನ್ನು ನಾನೇ ಬಿಟ್ಟುಕೊಟ್ಟಿದ್ದೆ. ಹೊಸದಾಗಿ ಯಾರೂ ಸೊಂಟ ಹಿಡಿದುಕೊಂಡು ಬರಲಿಲ್ಲ ಎನ್ನುವುದಷ್ಟೇ ಗೊತ್ತು.

ಉಳಿದದ್ದು ಅವನ ಸರ್ಟಿಫಿಕೇಟು. ಸಿಬ್ಬಂದಿ ವಿಭಾಗಕ್ಕೆ ನಾನು, ಇದು ಕೆಲಸದ ಪರಿಸ್ಥಿತಿಯಿಂದ ಬಂದ ಕಾಯಿಲೆ, ತಾತ್ಕಾಲಿಕವಾಗಿ ನೆಲದ ಕೆಲಸ ಮಾತ್ರ ಎಂದು ಬರೆದು ಕಳಿಸಿದ್ದೆ. ಕಂಪನಿಗೆ ಅದು ಹಿಡಿಸಲಿಲ್ಲ. ಅವನಿಗಂತೂ ಸುತಾರಾಂ ಹಿಡಿಸಲಿಲ್ಲ. ಉಗ್ರಾಣದಲ್ಲಿ ಕೊಳವೆ ಬಿಗಿಯುವ ಕ್ಲಾಂಪು ಜೋಡಿಸುವುದು ಅವನಿಗೆ ಅವಮಾನ. "ಮೇಲೆ ಗಾಳಿ ಬರುತ್ತೆ ಮೇಡಂಜೀ, ಸಮುದ್ರ ಕಾಣುತ್ತೆ. ಇಲ್ಲೇನಿದೆ?" ಎಂದು ಪ್ರತಿ ಬಾರಿ ರಕ್ತ ಕೊಡಲು ಬಂದಾಗಲೂ ಜಗಳವಾಡುತ್ತಿದ್ದ. ಕ್ರಿಯಾಟಿನಿನ್ ಇಳಿಯುತ್ತಿತ್ತು, ಆದರೆ ನಿಧಾನವಾಗಿ, ನಡುವೊಮ್ಮೆ ಹಿಂದಕ್ಕೂ ಹೋಯಿತು. ಪೂರ್ತಿ ಮೊದಲಿನಂತಾಗುತ್ತದೆ ಎಂಬ ಭರವಸೆ ನನಗಿರಲಿಲ್ಲ. ಸೆಪ್ಟೆಂಬರಿನಲ್ಲಿ ಎರಡು ಸಲ ಒಂದರ ಹಿಂದೊಂದು ಸಹಜ ಮಟ್ಟಕ್ಕೆ ಬಂದಾಗ, ಆಸ್ಪತ್ರೆಯ ಕಿಡ್ನಿ ತಜ್ಞರೂ ಆಗಬಹುದೆಂದ ಮೇಲೆ, 'ಫಿಟ್' ಎಂದು ಬರೆದೆ. ಬರೆಯುವಾಗ ಹೆದರಿಕೆಯಿತ್ತು. ಅವನು ಕಾಗದ ತೆಗೆದುಕೊಂಡು ಸಲಾಂ ಹೇಳುವುದನ್ನೂ ಮರೆತು ಹೊರಟುಹೋದ.

ಒಂದೆರಡು ದಿನ ಬಿಟ್ಟು ಘಟಕದ ಒಳಗೆ ಹೋದೆ. ಎತ್ತರದ ಗೋಪುರವೊಂದರ ಸುತ್ತ ಅಟ್ಟಣಿಗೆ ಏರಿತ್ತು. ತುದಿಯಲ್ಲಿ ಹೆಲ್ಮೆಟ್ ಹಾಕಿದ ಐದಾರು ಆಕೃತಿಗಳು. ಯಾರು ಯಾರೆಂದು ಕೆಳಗಿನಿಂದ ಗೊತ್ತಾಗುವಂತಿರಲಿಲ್ಲ. ಅವರಲ್ಲೊಬ್ಬ ಸ್ಪ್ಯಾನರನ್ನು ಸೊಂಟಕ್ಕೆ ಸಿಕ್ಕಿಸಿ, ಬಾಟಲಿ ಎತ್ತಿ ಗಟಗಟ ಕುಡಿದು, ಏಣಿಯತ್ತ ತಿರುಗಿದ. ಒಂದು ಅಂತಸ್ತು ಇಳಿದ, ಬೆಲ್ಟಿನ ಕೊಕ್ಕೆ ಬದಲಿಸಿದ, ಇನ್ನೊಂದು ಇಳಿದ. ಅರ್ಧಕ್ಕೆ ಬಂದಾಗ ಅವನೇ ಎಂದು ನಡಿಗೆಯಿಂದ ಗುರುತು ಸಿಕ್ಕಿತು. ನೆಲಕ್ಕೆ ಕಾಲಿಟ್ಟು, ಬೆಲ್ಟ್ ಬಿಚ್ಚಿ ಕಂಬಿಗೆ ನೇತುಹಾಕಿ, ಬಿಸಿಲಲ್ಲಿ ಅಂಗಳ ದಾಟಿ ಶೌಚಾಲಯದ ಕಡೆ ನಡೆದ. ಫೋರ್‌ಮನ್ ವಾಚಿನತ್ತ ಕಣ್ಣು ಹಾಯಿಸಿ, ತನ್ನ ಕೆಲಸಕ್ಕೆ ತಿರುಗಿದ. ನನ್ನ ರೋಗಿ ನನ್ನನ್ನು ನೋಡಲೂ ಇಲ್ಲ. ಸ್ವಲ್ಪ ಹೊತ್ತಿಗೆ ಹಿಂತಿರುಗಿ ಬಂದು ಬೆಲ್ಟ್ ಕಟ್ಟಿಕೊಂಡು, ಅವಸರವೇ ಇಲ್ಲದವನಂತೆ, ಮತ್ತೆ ಮೊದಲನೇ ಮೆಟ್ಟಿಲಿಂದ ಹತ್ತತೊಡಗಿದ.